ರಕ್ತಪರೀಕ್ಷೆಯೂ ತೊಂಬತ್ತು ದಿನದ ಭಯವೂ

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತಾಡಬೇಕಾದವರು ಎಚ್‌ಐವಿಯ ಮಾತೆತ್ತಿದರಲ್ಲಾ ಎಂದು ಹಿಂದಿನ ಬೆಂಚಿನವರು ನಗುತ್ತಿದ್ದಾರೆ. ನಗಲಿ. ನಮ್ಮ ಗೆಳೆಯರೊಬ್ಬರು ಆರು ವಾರದಿಂದ ಸರಿಯಾಗಿ ಉಂಡಿಲ್ಲ, ಮಲಗಿಲ್ಲ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಕೇಳಬೇಡಿ.

ಮಾಲು ತರಲು ಪರಸ್ಥಳಕ್ಕೆ ಹೋದಾಗ ಒಂದು ರಾತ್ರಿ ನಿರೋಧ್ ಇಲ್ಲದೆ ಸಂಗ ನಡೆಯಿತು. ಎರಡನೆಯ ದಿನವೇ ಖಾಸಗಿ ಲ್ಯಾಬಿಗೆ ಓಡಿದರು. 'ಸೋಂಕಿಲ್ಲ' ಎಂದು ಚೀಟಿ ಬಂತು. ನಂಬಿಕೆ ಬರಲಿಲ್ಲ. ಮತ್ತೊಂದು ಲ್ಯಾಬು, ಮತ್ತೊಂದು ಚೀಟಿ. ಈಗ ಐದಾಗಿವೆ. ಗಲ್ಲಾ ಬರಿದಾಯಿತು, ಭಯ ಮಾತ್ರ ಹಾಗೆಯೇ ಉಂಟು. ಎರಡನೆಯ ದಿನದ ಪರೀಕ್ಷೆಯಲ್ಲಿ ಏನೂ ಕಾಣದೆಂದು ಒಂದು ಮಾತು ಹೇಳಬಾರದಿತ್ತೇ? ಹಣ ಎಣಿಸುವ ಕೈಗೆ ಪುರುಸೊತ್ತಿಲ್ಲ!

ಕಾರಣ ಇಷ್ಟೆ. ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ತಯಾರಾಗಲು ಕಾಲ ಬೇಕು. ಸೋಂಕು ತಗುಲಿದ ದಿನದಿಂದ ಪರೀಕ್ಷೆಗೆ ಕಾಣುವ ದಿನದವರೆಗಿನ ಈ ಅಂತರವನ್ನೇ ವೈದ್ಯರು ವಿಂಡೋ ಪೀರಿಯಡ್ ಎನ್ನುತ್ತಾರೆ. ಪ್ರತಿಕಾಯದ ಪರೀಕ್ಷೆಗೆ ಅದು 23ರಿಂದ 90 ದಿನ. ವೈರಾಣುವಿನ ಒಂದು ಅಂಶವನ್ನೂ ಸೇರಿಸಿ ನೋಡುವ, ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ಹೊಸ ಪರೀಕ್ಷೆಗೆ 18ರಿಂದ 45 ದಿನ. ನಡುವೆ ಬೇರೆ ಅಪಾಯ ಒದಗದಿದ್ದರೆ, 90 ದಿನ ಕಳೆದ ಮೇಲೆ 'ಇಲ್ಲ' ಎಂದರೆ ಇಲ್ಲ.

ನಮ್ಮ ಗೆಳೆಯರ ವಿಷಯದಲ್ಲಿ ನಮಗೆ ಮರುಗುವಂತಾದದ್ದು ಇನ್ನೊಂದು. ಆ ಎರಡನೆಯ ದಿನ ಅವರು ಲ್ಯಾಬಿಗೆ ಹೋಗುವ ಬದಲು ವೈದ್ಯರಲ್ಲಿಗೆ ಹೋಗಿದ್ದರೆ ಸೋಂಕು ತಡೆಯುವ ಮಾತ್ರೆಗಳ ಮಾತಾದರೂ ಬರುತ್ತಿತ್ತು. 72 ಗಂಟೆಯೊಳಗೆ, ಎಷ್ಟು ಬೇಗನೆ ಆದರೆ ಅಷ್ಟು ಒಳ್ಳೆಯದು, ಅವನ್ನು ಆರಂಭಿಸಿ 28 ದಿನ ತಪ್ಪದೆ ನುಂಗಬೇಕು. ಹಾಗೆ ನುಂಗಿದವರಿಗೆ ಮುಂದಿನ ಪರೀಕ್ಷೆಯ ದಿನವನ್ನು ವೈದ್ಯರೇ ಹೇಳುತ್ತಾರೆ. ಆತುರ ಬೇಕಾದದ್ದು ಮಾತ್ರೆಗೆ, ಚೀಟಿಗಲ್ಲ.

ಈಗ ಅವರು ಬೆವರು, ಭೇದಿ, ಗಂಟಲುನೋವು ಎಂದು ದಿನಕ್ಕೊಂದು ಲಕ್ಷಣ ಎಣಿಸುತ್ತಾರೆ. ನಿದ್ದೆಗೆಟ್ಟವನಿಗೆ ಇವೆಲ್ಲ ಬಾರದೇ ಇರುತ್ತವೆಯೇ? ಲಕ್ಷಣ ನೋಡಿ ಯಾರೂ ಹೇಳಲಾರರು. ಕಾಯುವಷ್ಟು ದಿನ ಹೆಂಡತಿಯೊಡನೆ ನಿರೋಧ್ ಬಳಸಬೇಕು, ರಕ್ತದಾನ ಮಾಡಬಾರದು. ಮಕ್ಕಳನ್ನು ಎತ್ತಿಕೊಳ್ಳಲು, ಒಂದೇ ಲೋಟದಲ್ಲಿ ಚಹಾ ಕುಡಿಯಲು ಯಾವ ಅಡ್ಡಿಯೂ ಇಲ್ಲ.

ಜಿಲ್ಲಾಸ್ಪತ್ರೆಯಲ್ಲಿ ಐಸಿಟಿಸಿ ಎಂಬ ಕೇಂದ್ರವಿದೆ. ಅಲ್ಲಿ ಪರೀಕ್ಷೆಗೆ ಕಾಸಿಲ್ಲ, ಕೂರಿಸಿ ಮಾತಾಡಿಸುವವರಿದ್ದಾರೆ. 1097ಕ್ಕೆ ಫೋನು ಮಾಡಿದರೂ ಖರ್ಚಿಲ್ಲ. ಸೋಂಕು ಇದೆಯೆಂದೇ ಆದರೂ ಸರ್ಕಾರ 2004ರಿಂದ ಔಷಧಿಯನ್ನು ಪುಕ್ಕಟೆ ಕೊಡುತ್ತಿದೆ. ತಪ್ಪದೆ ನುಂಗುವವರು ದುಡಿದು ಬಾಳುತ್ತಾರೆ. ಇನ್ನು ಮಾಲೀಕರ ಭಯ. 2017ರಲ್ಲಿ ಆದ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಕೆಲಸ ಕೊಡಲು ಈ ಪರೀಕ್ಷೆಯನ್ನು ಷರತ್ತು ಮಾಡುವಂತಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ. ಗೇಟಿನಲ್ಲಿ ಯಾರಾದರೂ ಕೇಳಿದರೆ ಸಂಘಕ್ಕೆ ಬಂದು ತಿಳಿಸಿ.

ಗೆಳೆಯರ 90ನೆಯ ದಿನಕ್ಕೆ ಇನ್ನು ಏಳು ವಾರವಿದೆ. ಅಂದು ನಾವಿಬ್ಬರು ಜಿಲ್ಲಾಸ್ಪತ್ರೆಗೆ ಅವರ ಜೊತೆ ಹೋಗುತ್ತೇವೆ. ಅಲ್ಲಿಯವರೆಗೆ ಆರನೆಯ ಚೀಟಿ ಬರೆಸುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ.