ಗೋಡೆ ಒಡೆದು ಕಡಲು ಕಂಡ ಊರು



ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಕಡೆ ಕೋಟೆ ಗೋಡೆ ಒಡೆದ ಜಾಗವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 1799ರ ಮೇ 4ರಂದು, ಬೇಸಿಗೆಯಲ್ಲಿ ಇಳಿದಿದ್ದ ಹೊಳೆಯನ್ನು ದಾಟಿ ಇಂಗ್ಲಿಷರ ಪಡೆ ಅಲ್ಲಿಂದ ನುಗ್ಗಿತು. ಟಿಪ್ಪು ಸುಲ್ತಾನ ಮಡಿದ. ರಾತ್ರಿಯೆಲ್ಲ ಪಟ್ಟಣ ಸೂರೆಹೋಯಿತು. ಮರುದಿನ ಊರಿನ ಹೊಣೆ ಬಿದ್ದದ್ದು ಆರ್ಥರ್ ವೆಲ್ಲೆಸ್ಲಿಯ ಮೇಲೆ. ಹದಿನಾಲ್ಕು ವರ್ಷಗಳ ನಂತರ, ವೆಲಿಂಗ್ಟನ್ ಎಂದು ಹೆಸರಾಗಿದ್ದ ಇದೇ ದಂಡನಾಯಕನ ಸೇನೆ ಸ್ಪೇನಿನಲ್ಲಿ ಮತ್ತೊಂದು ಕೋಟೆಗೆ ಹೀಗೆಯೇ ಲಗ್ಗೆ ಹಾಕಿತು. ಆ ಊರು ಬಾಸ್ಕ್ ನಾಡಿನ ಸಾನ್ ಸೆಬಾಸ್ಟಿಯನ್. ಅಲ್ಲಿಯವರ ಬಾಯಲ್ಲಿ ದೊನೋಸ್ತಿಯಾ.

ಇಂದು ಅಲ್ಲಿಗೆ ಹೋಗುವವರು ಮೊದಲು ನೋಡುವುದು ಕೊಂಚಾ ಕಡಲತೀರವನ್ನು. ಕೊಂಚಾ ಎಂದರೆ ಚಿಪ್ಪು. ಹೆಸರಿಗೆ ತಕ್ಕಂತೆ ಬಾಗಿದ ಮರಳು, ಎರಡು ಬದಿಗೆ ಎರಡು ಗುಡ್ಡ, ನಡುವೆ ಸಾಂತಾ ಕ್ಲಾರಾ ಎಂಬ ಪುಟ್ಟ ದ್ವೀಪ. ಆದರೆ ಊರಿನ ಕತೆ ಮರಳಿನಿಂದ ಶುರುವಾಗುವುದಿಲ್ಲ, ಬೂದಿಯಿಂದ ಶುರುವಾಗುತ್ತದೆ.

1813ರಲ್ಲಿ ಊರು ನೆಪೋಲಿಯನ್ನನ ಸೈನಿಕರ ವಶದಲ್ಲಿತ್ತು. ಆಗಸ್ಟ್ 31ರಂದು, ಕಡಲಿನ ಇಳಿತ ನೋಡಿಕೊಂಡು, ಬ್ರಿಟಿಷ್ ಮತ್ತು ಪೋರ್ಚುಗೀಸ್ ಸೈನಿಕರು ಉರುಮೇಯಾ ನದಿಯ ಕಡೆಯಿಂದ ಒಡೆದ ಗೋಡೆ ಹತ್ತಿದರು. ಅವರು ಸ್ಪೇನಿನ ಮಿತ್ರರು, ಬಿಡಿಸಲು ಬಂದವರು. ಬಂದವರೇ ಮನೆಮನೆ ಹೊಕ್ಕು ದೋಚಿದರು, ಹೆಂಗಸರ ಮೇಲೆ ಕೈಮಾಡಿದರು. ಬೆಂಕಿ ದಿನಗಟ್ಟಲೆ ಉರಿಯಿತು. ಒಂದು ಬೀದಿಯ ಕೆಲವು ಮನೆ, ಎರಡು ಚರ್ಚು ಬಿಟ್ಟರೆ ಊರೆಂಬ ಊರು ಉಳಿಯಲಿಲ್ಲ. ಸೆಪ್ಟೆಂಬರ್ 8ರಂದು ಬದುಕುಳಿದ ಪ್ರಮುಖರು ಹತ್ತಿರದ ಸುಬಿಯೆತಾ ಹಳ್ಳಿಯ ಒಂದು ಮನೆಯಲ್ಲಿ ಸೇರಿದರು. ಬಿಟ್ಟುಹೋಗೋಣ ಎನ್ನಬಹುದಿತ್ತು. ಕಟ್ಟೋಣ ಎಂದರು. ಈ ಊರಿನ ಎಲ್ಲ ಅರಮನೆಗಳಿಗಿಂತ ಆ ಹಳ್ಳಿಮನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಊರು ಎದ್ದು ನಿಂತರೂ ಸುತ್ತಲಿನ ಗೋಡೆ ಹಾಗೇ ಇತ್ತು. ಅದನ್ನು ಬೀಳಿಸುವ ಕಾಲ ಬಂದದ್ದು ಕಡಲ ಸ್ನಾನದಿಂದ. ಚರ್ಮದ ಕಾಯಿಲೆಗೆ ಉಪ್ಪುನೀರಿನ ಸ್ನಾನ ಒಳ್ಳೆಯದೆಂಬ ವೈದ್ಯರ ಸಲಹೆಯಂತೆ ಎರಡನೆಯ ಇಸಬೆಲ್ ರಾಣಿ 1845ರಲ್ಲಿ ಇಲ್ಲಿಗೆ ಬಂದಳು. ರಾಣಿಯ ಹಿಂದೆ ಆಸ್ಥಾನ, ಆಸ್ಥಾನದ ಹಿಂದೆ ಹಣವಂತರು. ಇಕ್ಕಟ್ಟಾದ ಊರಿನವರು ಗೋಡೆ ಕೆಡವಲು ಅಪ್ಪಣೆ ಬೇಡಿ ಪಡೆದರು. ಮೊದಲ ಕಲ್ಲು ಕಿತ್ತದ್ದು 1863ರಲ್ಲಿ. ದಿನ ಮಾತ್ರ ನಮಗೆ ಗೊತ್ತಿರುವ ದಿನವೇ: ಮೇ 4. ಮರುವರ್ಷ ಮ್ಯಾಡ್ರಿಡ್‌ನಿಂದ ಪ್ಯಾರಿಸ್‌ಗೆ ಹೋಗುವ ರೈಲು ಈ ಊರನ್ನು ಹಾದುಹೋಯಿತು.

ಮುಂದಿನದು ವೈಭವದ ಕಾಲ. ವಿಧವೆ ರಾಣಿ ಮರಿಯಾ ಕ್ರಿಸ್ಟಿನಾ ಕೊಲ್ಲಿಯ ಎದುರೇ ಮಿರಾಮಾರ್ ಅರಮನೆ ಕಟ್ಟಿಸಿದಳು. 1893ರಲ್ಲಿ ಅದು ಮುಗಿಯಿತು. 1887ರಲ್ಲಿ ತೆರೆದ ಕ್ಯಾಸಿನೊ, 1924ರಲ್ಲಿ ಜೂಜು ನಿಷೇಧವಾದ ಮೇಲೆ ಬಾಗಿಲು ಹಾಕಿತು. ಈಗ ಆ ಕಟ್ಟಡದಲ್ಲಿರುವುದು ನಗರಸಭೆ.

ಆದರೆ ಊರಿನವರನ್ನೇ ನೋಡಬೇಕೆಂದರೆ ಬೇಸಿಗೆ ಬೇಡ, ಜನವರಿ 20ಕ್ಕೆ ಹೋಗಬೇಕು. ಸಂತ ಸೆಬಾಸ್ಟಿಯನ್ನನ ಹಬ್ಬ. ನಡುರಾತ್ರಿ ಹಳೇ ಊರಿನ ಚೌಕದಲ್ಲಿ ಬಾವುಟ ಏರುತ್ತದೆ, ಅಲ್ಲಿಂದ ಇಪ್ಪತ್ನಾಲ್ಕು ಗಂಟೆ ಬೀದಿಬೀದಿಯಲ್ಲಿ ಡೋಲಿನ ಸದ್ದು. ಬಾರಿಸುವವರಲ್ಲಿ ಒಂದು ಗುಂಪು ಹಳೇಕಾಲದ ಸೈನಿಕರ ವೇಷ ತೊಟ್ಟರೆ, ಇನ್ನೊಂದು ಗುಂಪಿನದು ಬಿಳಿ ಟೊಪ್ಪಿ, ಬಿಳಿ ಅಂಗಿಯ ಅಡುಗೆಯವರ ವೇಷ. ಸೈನಿಕರ ಡೋಲನ್ನು ಅಣಕಿಸಿ, ನೀರಿಗೆ ಬಂದ ಹೆಂಗಸರು ಕೊಡ ತಟ್ಟಿದ್ದರಿಂದ ಈ ಆಚರಣೆ ಹುಟ್ಟಿತೆಂದು ಊರವರು ಹೇಳುತ್ತಾರೆ. ತನ್ನನ್ನು ಸುಟ್ಟ ಸೈನಿಕನ ಎದುರು ಉಣಬಡಿಸುವವರನ್ನು ನಿಲ್ಲಿಸಿದ ಊರು ಇದು.

ಗೋಡೆ ಒಡೆದಿದ್ದ ಜಾಗದಲ್ಲಿ ಮುಂದೆ ಮಾರುಕಟ್ಟೆ ಬಂತು. ಅದರ ಹೆಸರು ಬ್ರೆಚಾ, ಅಂದರೆ ಗೋಡೆಯ ಒಡಕು. ಸೈನಿಕರು ನುಗ್ಗಿದ ಕಡೆ ಮೀನು, ತರಕಾರಿ ಮಾರಾಟಕ್ಕೆ ಬಂದವು. ಬೆಂಕಿಯಿಂದ ಉಳಿದ ಬೀದಿಗೆ ಆಗಸ್ಟ್ 31 ಎಂದೇ ಹೆಸರು. ಪ್ರತಿವರ್ಷ ಆ ದಿನ ಕತ್ತಲಾದ ಮೇಲೆ ಅಲ್ಲಿ ವಿದ್ಯುತ್ ದೀಪ ಆರಿಸುತ್ತಾರೆ. ಮನೆಗಳ ಮುಂದೆ, ಬಾಲ್ಕನಿಗಳಲ್ಲಿ ಮೇಣದಬತ್ತಿಗಳನ್ನು ಹಚ್ಚುತ್ತಾರೆ.