ಯಾವ ಬ್ರೇಡ್ ಬೆಸ್ಟ್? ಮೊದಲು ದಾರ ಎಲ್ಲಿ ತುಂಡಾಗಬೇಕು ಅಂತ ಹೇಳಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಗಾಳ ಹಾಕೋ ಹವ್ಯಾಸದ ಬಗ್ಗೆ ಹಿಂದೊಮ್ಮೆ ಮಾತಾಡಿದ್ದೆ. ಅದಾದ ಮೇಲೆ ನನ್ನ ಇನ್‌ಬಾಕ್ಸ್‌ಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾ ಇದೆ. "ಬ್ರೋ, ಯಾವ ಬ್ರೇಡ್ ಬೆಸ್ಟ್?" "ಅಣ್ಣಾ, 50 ಪೌಂಡ್ ತಗೊಳ್ಳಲಾ, 80 ತಗೊಳ್ಳಲಾ?" ಇವತ್ತು ಅದಕ್ಕೇ ಉತ್ತರ. ಆದ್ರೆ ಮೊದಲು ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳ್ಬೇಕು.

ಗಾಳ ಶುರು ಮಾಡಿದ ಮೊದಲ ವರ್ಷ. ಕಾಪು ಬೀಚಿನ ಹತ್ತಿರದ ಬಂಡೆ. ಅಂಗಡಿಯಲ್ಲಿ ಸಿಕ್ಕಿದ್ದರಲ್ಲಿ ದೊಡ್ಡ ನಂಬರ್ ನೋಡಿ 80 ಪೌಂಡಿನ ಬ್ರೇಡ್ ತಗೊಂಡಿದ್ದೆ. ದಾರ ಗಟ್ಟಿ ಇದ್ರೆ ಮೀನು ತಪ್ಪಲ್ಲ ಅನ್ನೋ ಲೆಕ್ಕ. ಸೀಸದ ಗುಂಡು ಬಂಡೆ ಸಂದಿಗೆ ಸಿಕ್ಕಿಹಾಕಿಕೊಂಡಿತು. ರಾಡ್ ಕೆಳಗಿಟ್ಟು ದಾರವನ್ನು ಅಂಗೈಗೆ ಎರಡು ಸುತ್ತು ಸುತ್ತಿ ಎಳೆದೆ. ಪಕ್ಕದಲ್ಲಿ ಗಾಳ ಹಾಕ್ತಿದ್ದ ಹಿರಿಯರೊಬ್ಬರು "ಕೈಗೆ ಸುತ್ಬೇಡ ಮಾರಾಯಾ!" ಅಂತ ಕೂಗಿದರು. ಅಷ್ಟರಲ್ಲಿ ಒಂದು ಅಲೆ ಬಂತು, ದಾರ ಬಿಗಿಯಾಯ್ತು, ತೋರುಬೆರಳಿನ ಮಾಂಸದೊಳಗೆ ಇಳಿಯಿತು. ನಾಲ್ಕು ಹೊಲಿಗೆ. ಆ ಗುರುತು ಇವತ್ತಿಗೂ ಇದೆ.

ಅಲ್ಲಿಗೇ ಮುಗೀಲಿಲ್ಲ. ದಾರವನ್ನು ಕೈ ಹತ್ತಿರವೇ ಕತ್ತರಿಸಬೇಕಾಯ್ತು. ಅಂದ್ರೆ ಸುಮಾರು 40 ಮೀಟರ್ ಬ್ರೇಡ್ ಸಮುದ್ರದಲ್ಲೇ ಉಳೀತು. ಎರಡು ದಿನ ಬಿಟ್ಟು ನೀರು ಇಳಿದಾಗ ಹೋಗಿ ನೋಡಿದರೆ, ಬಂಡೆಗೆ ಸುತ್ತಿಕೊಂಡ ಆ ದಾರದಲ್ಲಿ ಒಂದು ಬೆಳ್ಳಕ್ಕಿಯ ಕಾಲು ಸಿಕ್ಕಿತ್ತು. ಹಕ್ಕಿ ಬದುಕಿರಲಿಲ್ಲ. ಅದೇ ಹಿರಿಯರು ಅವತ್ತೂ ಬಂದಿದ್ದರು. ದಾರ ಬಿಡಿಸ್ತಾ ಒಂದು ಮಾತು ಹೇಳಿದರು. "ದಾರ ಅಂದ್ಮೇಲೆ ಒಂದಲ್ಲ ಒಂದು ದಿನ ತುಂಡಾಗ್ತದೆ. ಎಲ್ಲಿ ತುಂಡಾಗ್ಬೇಕು ಅಂತ ಮೊದ್ಲೇ ನೀನು ನಿಶ್ಚಯ ಮಾಡು."

ಇವತ್ತಿನ ಇಡೀ ಸಂಚಿಕೆ ಆ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು, ಬ್ರೇಡ್ ಅಂದ್ರೇನು? ಮಾಮೂಲಿ ನೈಲಾನ್ ದಾರ ಒಂದೇ ಎಳೆ. ಅದನ್ನೇ ಮೊನೊ ಅಂತೀವಿ. ಬ್ರೇಡ್ ಅಂದ್ರೆ ಪಾಲಿಎಥಿಲೀನ್‌ನ ಅತಿ ಸಣ್ಣ ನೂಲುಗಳನ್ನು ಜಡೆ ಹಾಗೆ ಹೆಣೆದ ದಾರ. ಡೈನೀಮಾ, ಸ್ಪೆಕ್ಟ್ರಾ ಅನ್ನೋ ಹೆಸರು ಕೇಳಿರ್ತೀರಿ, ಅವೇ ನಾರುಗಳು. ಗುಂಡು ನಿರೋಧಕ ಜಾಕೆಟ್‌ಗೂ ಇದೇ ಜಾತಿಯ ನಾರು ಬಳಸ್ತಾರೆ. ಹಾಗಾಗಿ 20 ಪೌಂಡ್ ಅಂದ್ರೆ ಸುಮಾರು 9 ಕಿಲೋ ತಡೆಯೋ ನೈಲಾನ್ ದಾರ 0.4 ಮಿಲಿಮೀಟರ್ ದಪ್ಪ ಇದ್ದರೆ, ಅಷ್ಟೇ ತಡೆಯೋ ಬ್ರೇಡ್ ಅದರ ಅರ್ಧಕ್ಕಿಂತ ತೆಳ್ಳಗಿರತ್ತೆ. ತೆಳು ದಾರಕ್ಕೆ ಗಾಳಿಯ ತಡೆ ಕಡಿಮೆ, ದೂರ ಹೋಗತ್ತೆ. ಇನ್ನೊಂದು ಗುಣ, ಇದು ಹಿಗ್ಗೋದು ತುಂಬಾ ಕಡಿಮೆ. ನೈಲಾನ್ ರಬ್ಬರ್ ಹಾಗೆ ಹಿಗ್ಗುತ್ತೆ. ಬ್ರೇಡ್‌ನಲ್ಲಿ 50 ಮೀಟರ್ ದೂರದಲ್ಲಿ ಮೀನು ಮೂತಿ ತಾಗಿಸಿದರೂ ಬೆರಳಿಗೆ ಗೊತ್ತಾಗತ್ತೆ.

ಹಾಗಾದ್ರೆ ದೋಷ ಏನು? ಮೂರಿದೆ. ಒಂದು, ಬಿಗಿಯಾಗಿರುವಾಗ ಕಲ್ಲಿಗೋ ಚಿಪ್ಪಿಗೋ ಉಜ್ಜಿದರೆ ಬೇಗ ತುಂಡಾಗತ್ತೆ. ಎರಡು, ಹಿಗ್ಗದ ಕಾರಣ ಮೀನು ಒಮ್ಮೆಲೇ ಜಗ್ಗಿದರೆ ಆ ಪೆಟ್ಟು ನೇರ ಗಂಟಿಗೆ ಬೀಳತ್ತೆ. ಮೂರು, ಮೈ ಜಾರು. ನೈಲಾನ್‌ಗೆ ಹಾಕೋ ಮಾಮೂಲಿ ಗಂಟು ಇದರಲ್ಲಿ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತೆ.

ಈಗ ಅಂಗಡಿಗೆ ಬರೋಣ. ಡಬ್ಬಿ ಮೇಲೆ ಪೌಂಡ್ ದೊಡ್ಡದಾಗಿ ಬರೆದಿರ್ತಾರೆ. ಅದನ್ನು ನೋಡೋ ಮೊದಲು 'ಪಿಇ' ನಂಬರ್ ಹುಡುಕಿ. ಇದು ಜಪಾನಿನ ಅಳತೆ, ಹೇಳೋದು ದಾರದ ದಪ್ಪವನ್ನು. ಪಿಇ 1 ಅಂದ್ರೆ ಸುಮಾರು 0.165 ಮಿಲಿಮೀಟರ್. ಪಿಇ 2 ಅಂದ್ರೆ ಅದರ ಎರಡರಷ್ಟು ದಪ್ಪ ಅಂದುಕೊಂಡ್ರಾ? ಅಲ್ಲ, 0.235. ಎರಡರಷ್ಟಾಗೋದು ನಾರಿನ ಪ್ರಮಾಣ, ಅಗಲ ಅಲ್ಲ. ಪಿಇ 4 ಬಂದಾಗ ಅಗಲ ಎರಡರಷ್ಟಾಗತ್ತೆ, 0.33. ಪೌಂಡ್ ವಿಷಯದಲ್ಲಿ ಒಬ್ಬೊಬ್ಬ ತಯಾರಕರು ಒಂದೊಂದು ಥರ ಬರೀತಾರೆ. ತೀರಾ ಅಗ್ಗದ ಡಬ್ಬಿ ಮೇಲೆ ತೆಳು ದಾರಕ್ಕೆ ಭಾರಿ ನಂಬರ್ ಇದ್ದರೆ ಅನುಮಾನ ಪಡಿ. ಮನೇಲಿ ಲಗೇಜ್ ತೂಗೋ ಸ್ಪ್ರಿಂಗ್ ತಕ್ಕಡಿ ಇದ್ರೆ ಗಂಟು ಹಾಕಿ ಎಳೆದು ನೋಡಿ. ನಿಮಗೆ ಬೇಕಾದ ನಂಬರ್ ಅಲ್ಲಿ ಬರತ್ತೆ.

ಆಮೇಲೆ ಎಳೆ. ನಾಲ್ಕು ಎಳೆಯ ಹೆಣಿಗೆ, ಎಂಟು ಎಳೆಯ ಹೆಣಿಗೆ. ಒಟ್ಟು ದಪ್ಪ ಒಂದೇ ಆಗಿದ್ದರೆ, ನಾಲ್ಕು ಎಳೆಯದರಲ್ಲಿ ಒಂದೊಂದು ಎಳೆಯೂ ದಪ್ಪ. ಹಾಗಾಗಿ ಉಜ್ಜಾಟಕ್ಕೆ ಸ್ವಲ್ಪ ಹೆಚ್ಚು ತಡೆಯತ್ತೆ, ಬೆಲೆಯೂ ಕಡಿಮೆ. ಆದ್ರೆ ಮೈ ಒರಟು, ರಾಡಿನ ಉಂಗುರದಲ್ಲಿ ಸರ್‌ಸರ್ ಸದ್ದು ಮಾಡತ್ತೆ. ಎಂಟು ಎಳೆಯದು ದುಂಡಗೆ, ನುಣುಪಾಗಿ, ಸದ್ದಿಲ್ಲದೆ ದೂರ ಹೋಗತ್ತೆ. ಎಂಟು ಯಾವಾಗಲೂ ನಾಲ್ಕಕ್ಕಿಂತ ಮೇಲು ಅಂತ ಅಲ್ಲ. ಕೆಲಸ ಬೇರೆ ಬೇರೆ.

ಸರಿ, ಈಗ ಜಾಗದ ಪ್ರಕಾರ ನೋಡೋಣ. ನಾನು ಕೇಳಿಕೊಳ್ಳೋದು ಒಂದೇ ಪ್ರಶ್ನೆ. ನನಗೂ ಮೀನಿಗೂ ನಡುವೆ ನೀರಲ್ಲಿ ಏನಿದೆ?

ಕೆರೆಯಲ್ಲಿ ಕೊರವ ಮೀನು, ಅಂದ್ರೆ ಮುರ್ರೆಲ್. ನಡುವೆ ಇರೋದು ತಾವರೆ ದಂಟು, ಅಂತರಗಂಗೆ. ಕಪ್ಪೆ ಆಕಾರದ ಲೂರನ್ನು ಎಲೆಗಳ ಮೇಲೆ ಎಳೀತೀವಿ, ಮೀನು ಹಿಡಿದ ತಕ್ಷಣ ಜೊಂಡಿನೊಳಗೆ ನುಗ್ಗತ್ತೆ. ಇಲ್ಲಿ ದಪ್ಪ ಬ್ರೇಡ್ ಬೇಕು, ಪಿಇ 3ರಿಂದ 4, 40–50 ಪೌಂಡ್. ನಾಲ್ಕು ಎಳೆಯದೇ ಸಾಕು, ಒರಟು ಮೈ ಕಳೆಯನ್ನು ಕೊಯ್ದುಕೊಂಡು ಬರತ್ತೆ. ಕಲ್ಲಿಲ್ಲ ಅಂದ್ರೆ ಲೀಡರ್ ಇಲ್ಲದೆ ನೇರವಾಗಿ ಪಾಲೊಮಾರ್ ಗಂಟಲ್ಲಿ ಕಟ್ಟಬಹುದು.

ಅಳಿವೆ. ಉದ್ಯಾವರ ಹೊಳೆ, ಹೊನ್ನಾವರದ ಶರಾವತಿ, ಕಾರವಾರದ ಕಾಳಿ, ಇಂಥ ಕಡೆ ಸಿಹಿನೀರು ಉಪ್ಪುನೀರು ಸೇರೋ ಜಾಗ. ತೆರೆದ ನೀರಲ್ಲಿ ಸಣ್ಣ ಲೂರನ್ನು ದೂರ ಎಸೀಬೇಕು ಅಂದ್ರೆ ಪಿಇ 1 ಅಥವಾ 1.5, ಎಂಟು ಎಳೆ, 15–25 ಪೌಂಡ್. ಕಾಂಡ್ಲಾ ಗಿಡಗಳ ಬೇರಿನ ಪಕ್ಕದಲ್ಲಿ ಕೆಂಬೇರಿ ಹುಡುಕೋದಾದ್ರೆ ಪಿಇ 2ಕ್ಕೆ ಏರಿ. ಆ ಮೀನು ಮೊದಲ ಎರಡು ಸೆಕೆಂಡಲ್ಲೇ ಬೇರಿನೊಳಗೆ ಓಡತ್ತೆ. ಅಷ್ಟರಲ್ಲಿ ನಿಲ್ಲಿಸಬೇಕು, ಇಲ್ಲಾಂದ್ರೆ ಮರೆತುಬಿಡಿ.

ಬಂಡೆ ಮತ್ತು ಬ್ರೇಕ್‌ವಾಟರ್. ನಾನು ಸೋತ ಜಾಗ. ಇಲ್ಲಿ ಶತ್ರು ಮೀನಲ್ಲ, ಬಂಡೆಗೆ ಅಂಟಿಕೊಂಡಿರೋ ಪಚ್ಚಿಲೆ ಚಿಪ್ಪು. 80 ಪೌಂಡ್ ಬ್ರೇಡ್ ಕೂಡ ಬ್ಲೇಡಿನಂಥ ಆ ಅಂಚಿಗೆ ತಾಗಿದರೆ ಹೋಯ್ತು. ಪಿಇ 3, 40 ಪೌಂಡ್ ಸಾಕು. ಅದರ ತುದಿಗೆ ಒಂದೂವರೆ ಎರಡು ಮೀಟರ್ ಮೊನೊ ಅಥವಾ ಫ್ಲೋರೋಕಾರ್ಬನ್ ಲೀಡರ್, 30 ಪೌಂಡಿನದು. ಈಗ ಕೇಳ್ತೀರಿ, ಲೀಡರ್ ಯಾಕೆ ಕಡಿಮೆ ಪೌಂಡಿಂದು? ಗುಟ್ಟು ಅದೇ. 30 ಪೌಂಡ್ ಮೊನೊ ತೂಕದ ಲೆಕ್ಕದಲ್ಲಿ ದುರ್ಬಲ, ಆದ್ರೆ ಮೈಯಲ್ಲಿ ಪಿಇ 3 ಬ್ರೇಡ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ದಪ್ಪ. ಚಿಪ್ಪಿಗೆ ಉಜ್ಜಿದರೂ ತಡೆಯತ್ತೆ. ಎಲ್ಲೋ ಸಿಕ್ಕಿಹಾಕಿಕೊಂಡು ಎಳೆದಾಗ ಮಾತ್ರ ಮೊದಲು ತುಂಡಾಗೋದು ಅದೇ. ಸಮುದ್ರದಲ್ಲಿ ಉಳಿಯೋದು ಹೆಚ್ಚೆಂದರೆ ಎರಡು ಮೀಟರ್, 40 ಮೀಟರ್ ಅಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಸೀಸದ ಗುಂಡನ್ನು ಲೀಡರ್‌ಗೆ ನೇರ ಕಟ್ಟಬೇಡಿ. 10 ಪೌಂಡಿನ ತೆಳು ನೈಲಾನ್ ತುಂಡಲ್ಲಿ ಕಟ್ಟಿ. ಬಂಡೆ ಸಂದಿಗೆ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳೋದು ಗುಂಡು. ಎಳೆದಾಗ ತೆಳು ತುಂಡು ಹೋಗತ್ತೆ, ಗಾಳ, ಲೀಡರ್, ಕೆಲವೊಮ್ಮೆ ಮೀನು ಸಮೇತ ವಾಪಸ್ ಬರತ್ತೆ. ಒಂದು ಎಚ್ಚರಿಕೆ. ದೂರಕ್ಕೆ ಬೀಸಿ ಎಸೆಯುವಾಗ ಆ ತೆಳು ತುಂಡು ತುಂಡಾಗಿ ಗುಂಡು ಹಾರಿಹೋಗಬಹುದು. ಹಾಗಾಗಿ ಮೆಲ್ಲಗೆ ಎಸೆಯೋ ಹತ್ತಿರದ ಮೀನುಗಾರಿಕೆಗೆ ಮಾತ್ರ ಇದು, ಹಿಂದೆ ಮುಂದೆ ಜನ ಇರಬಾರದು.

ದೋಣಿಯಿಂದ ನೇರ ಕೆಳಗೆ ಜಿಗ್ ಇಳಿಸಿ ಮುರು ಮೀನು ಹಿಡಿಯೋದಾದ್ರೆ ಪಿಇ 2ರಿಂದ 3, ಬಣ್ಣ ಬಣ್ಣದ ಬ್ರೇಡ್ ತಗೊಳ್ಳಿ. ಸಾಮಾನ್ಯವಾಗಿ 10 ಮೀಟರಿಗೊಂದು ಬಣ್ಣ ಬದಲಾಗತ್ತೆ, ಎಷ್ಟು ಆಳಕ್ಕೆ ಇಳೀತು ಅಂತ ಎಣಿಸಬಹುದು. ಅದೇ ದೋಣಿ ಓಡಿಸ್ತಾ ಅಂಜಲ್‌ಗೆ ಲೂರ್ ಎಳೆಯೋದಾದ್ರೆ, ಹಿಗ್ಗೋ ಮೊನೊನೇ ಒಳ್ಳೇದು, ಪೆಟ್ಟು ತಡ್ಕೊಳ್ಳತ್ತೆ.

ಕೆರೆಯಲ್ಲಿ ಹಿಟ್ಟಿನ ಉಂಡೆ ಹಾಕಿ ಕಾಟ್ಲಾ, ರೋಹುಗೆ ಕಾಯೋರು? ಬ್ರೇಡ್ ಬೇಡವೇ ಬೇಡ. ಕಾಟ್ಲಾದ ಬಾಯಿ ಮೆತ್ತಗೆ, ಹಿಗ್ಗದ ದಾರದಲ್ಲಿ ಜೋರಾಗಿ ಎಳೆದರೆ ಗಾಳ ಬಾಯಿ ಹರಿದು ಬರತ್ತೆ. ಮಾಮೂಲಿ ನೈಲಾನ್ ಸಾಕು, ದುಡ್ಡು ಉಳಿಸಿ.

ದುಡ್ಡು ಅಂದ ಮೇಲೆ, ಬಿ.ಕಾಂ. ಓದಿದ್ದು ಇಲ್ಲಾದ್ರೂ ಉಪಯೋಗಕ್ಕೆ ಬರಲಿ. ಡಬ್ಬಿ ಬೆಲೆ ನೋಡ್ಬೇಡಿ, ಮೀಟರ್ ಬೆಲೆ ನೋಡಿ. ಉದಾಹರಣೆಗೆ 300 ಮೀಟರಿಗೆ 900 ರೂಪಾಯಿ ಅಂದ್ರೆ ಮೀಟರಿಗೆ 3. 150 ಮೀಟರಿಗೆ 1,500 ಅಂದ್ರೆ ಮೀಟರಿಗೆ 10. ದಡದಿಂದ ನಾವು ಎಸೆಯೋದು 60–70 ಮೀಟರ್. ಹಾಗಾಗಿ ರೀಲ್ ಪೂರ್ತಿ ಬ್ರೇಡ್ ತುಂಬಿಸೋದು ವ್ಯರ್ಥ. ಅಡಿಯಲ್ಲಿ ಹಳೇ ನೈಲಾನ್ ಸುತ್ತಿ, ಮೇಲೆ 150 ಮೀಟರ್ ಬ್ರೇಡ್ ಸುತ್ತಿ. ಅಡಿಯ ನೈಲಾನ್ ಇಲ್ಲದಿದ್ರೆ ಬ್ರೇಡ್ ಸ್ಪೂಲ್ ಮೇಲೆ ಜಾರಿ ಸುತ್ತುತ್ತಾ ಇರತ್ತೆ. ಒಂದು ಸೀಸನ್ ಆದ್ಮೇಲೆ ಮೇಲಿನ ತುದಿ ಸವೆದಿರತ್ತೆ. ಬಿಚ್ಚಿ ತಿರುಗಿಸಿ ಸುತ್ತಿದರೆ ಒಳಗಿದ್ದ ಹೊಸ ಭಾಗ ಮೇಲೆ ಬರತ್ತೆ. ಒಂದೇ ದುಡ್ಡಿಗೆ ಎರಡು ಸೀಸನ್. ಸುತ್ತುವಾಗ ದಾರ ಬಿಗಿಯಾಗಿರಲಿ, ಸ್ಪೂಲಿನ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಸಡಿಲ ಇದ್ರೆ ಗಾಳಿಗಂಟು ಬಿದ್ದು ಅರ್ಧ ದಾರ ಕತ್ತರಿಸಬೇಕಾಗತ್ತೆ.

ಗಂಟಿನ ಬಗ್ಗೆ ಚುಟುಕಾಗಿ. ಬ್ರೇಡ್‌ಗೆ ಲೀಡರ್ ಸೇರಿಸಲು ಎಫ್‌ಜಿ ಗಂಟು ಒಳ್ಳೇದು, ತೆಳ್ಳಗೆ ಉಂಗುರದಲ್ಲಿ ನುಸುಳತ್ತೆ. ಕಲಿಯಲು ಒಂದು ಸಂಜೆ ಬೇಕು. ಅಲ್ಲೀವರೆಗೆ ಡಬಲ್ ಯೂನಿ ಹಾಕಿ. ಬಿಗಿಯೋ ಮೊದಲು ಎಂಜಲು ಅಥವಾ ನೀರು ಹಚ್ಚಿ. ಪಾಲಿಎಥಿಲೀನ್‌ಗೆ ಬಿಸಿ ಆಗಲ್ಲ, ಒಣ ಗಂಟು ಬಿಗಿದಾಗಿನ ಉಜ್ಜಾಟದ ಬಿಸಿಗೇ ದಾರ ಸೋಲತ್ತೆ. ಡ್ರ್ಯಾಗ್ ಅನ್ನು ಅತಿ ದುರ್ಬಲ ಭಾಗದ ಕಾಲುಭಾಗಕ್ಕೆ ಇಡಿ. 30 ಪೌಂಡ್ ಲೀಡರ್ ಅಂದ್ರೆ 13 ಕಿಲೋ ಚಿಲ್ಲರೆ, ಡ್ರ್ಯಾಗ್ ಮೂರೂವರೆ ಕಿಲೋ ಹತ್ತಿರ.

ಕೊನೆಯದಾಗಿ, ನನ್ನ ಬೆರಳು ಕಲಿಸಿದ ಪಾಠ. ದಾರ ಸಿಕ್ಕಿಹಾಕಿಕೊಂಡರೆ ಕೈಗೆ ಸುತ್ತಬೇಡಿ, ರಾಡ್ ಬಗ್ಗಿಸಿ ಎಳೆಯಬೇಡಿ. ಒಂದು ಮರದ ತುಂಡಿಗೆ ನಾಲ್ಕೈದು ಸುತ್ತು ಸುತ್ತಿ, ಮುಖ ಪಕ್ಕಕ್ಕೆ ತಿರುಗಿಸಿ, ನಿಧಾನವಾಗಿ ಎಳೆಯಿರಿ. ಗುಂಡು ಬಿಟ್ಟುಕೊಂಡು ಮುಖಕ್ಕೆ ಹಾರಿ ಬರಬಹುದು. ಮಳೆಗಾಲದಲ್ಲಿ ಬಂಡೆ ಮೇಲೆ ಹೋಗ್ಲೇಬೇಡಿ, ಯಾವ ದಾರವೂ ಅಲ್ಲಿ ನಿಮ್ಮನ್ನು ಹಿಡಿದುಕೊಳ್ಳಲ್ಲ. ಮಿಕ್ಕ ದಾರದ ತುಂಡುಗಳನ್ನು ಜೇಬಿಗೆ ಹಾಕ್ಕೊಂಡು ಮನೆಗೆ ತನ್ನಿ, ಸಣ್ಣದಾಗಿ ಕತ್ತರಿಸಿ ಕಸಕ್ಕೆ ಹಾಕಿ. ಬ್ರೇಡ್ ಕೊಳೆಯೋದಿಲ್ಲ. ನೀವು ಮರೆತ ಮೇಲೂ ಅದು ಅಲ್ಲೇ ಗಾಳ ಹಾಕ್ತಾ ಇರತ್ತೆ.

ಹಾಗಾಗಿ ಇನ್ಮುಂದೆ "ಯಾವ ಬ್ರೇಡ್ ಬೆಸ್ಟ್" ಅಂತ ಮೆಸೇಜ್ ಮಾಡೋ ಮೊದಲು ಎರಡು ವಿಷಯ ಬರೀರಿ. ನೀವು ಗಾಳ ಹಾಕೋ ನೀರಲ್ಲಿ ಏನಿದೆ? ನಿಮ್ಮ ದಾರ ಎಲ್ಲಿ ತುಂಡಾಗಬೇಕು? ಅಷ್ಟು ಗೊತ್ತಾದ್ರೆ ಉತ್ತರ ನಿಮ್ಮ ಹತ್ರಾನೇ ಇರತ್ತೆ, ನಾನು ಬೇಕಾಗಲ್ಲ. ಆದ್ರೂ ಮೆಸೇಜ್ ಮಾಡಿ, ಹಿಡಿದ ಮೀನಿನ ಫೋಟೊ ಕಳಿಸಿ. ಮುಂದಿನ ವಾರ ಸಿಗೋಣ. ಬೆರಳು ಜೋಪಾನ.