ನಮಗ್ಯಾಕೆ ಊರ ಉಸಾಬರಿ ಅನ್ನುವ ಮುನ್ನ

(ಅಮೆರಿಕದ ನಮ್ಮ ಊರಿನ ಕನ್ನಡ ಕೂಟವು ಹೊಸದಾಗಿ ಬಂದ ವಿದ್ಯಾರ್ಥಿಗಳಿಗಾಗಿ ಆಗಸ್ಟ್ ತಿಂಗಳಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ. ಬಳಗದ ಹಲವರು ಕೇಳಿದ್ದರಿಂದ ಈ ಸಂಚಿಕೆಯಲ್ಲಿ ಕಳುಹಿಸುತ್ತಿದ್ದೇವೆ.)



ಬಿಸಿಬೇಳೆಬಾತ್ ಘಮ ಆಗಲೇ ಬರುತ್ತಿದೆ, ಹಾಗಾಗಿ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಬ್ಯಾಂಕ್ ಖಾತೆ ತೆರೆಯುವುದು ಹೇಗೆ, ಬಸ್ ಪಾಸ್ ಎಲ್ಲಿ ಸಿಗುತ್ತದೆ, ಸೋನಾ ಮಸೂರಿ ಅಕ್ಕಿ ಯಾವ ಅಂಗಡಿಯಲ್ಲಿ ಅಗ್ಗ ಎಂದು ನನಗಿಂತ ಮುಂಚೆ ಮಾತಾಡಿದವರು ಹೇಳಿದ್ದಾರೆ. ನಾನು ಹೇಳಬೇಕೆಂದಿರುವುದು ನಾನು ನಿಮ್ಮ ವಯಸ್ಸಿನಲ್ಲಿ ಇಲ್ಲಿಗೆ ಬಂದಾಗ ಯಾರೂ ಹೇಳದಿದ್ದ ವಿಷಯ. ಪಕ್ಕದ ಕೋಣೆಯ ಗೆಳೆಯನ ನಡವಳಿಕೆ ಯಾಕೋ ಸರಿ ಇಲ್ಲ ಅನ್ನಿಸಿದರೆ ಏನು ಮಾಡಬೇಕು? ಯಾರಿಗೆ ಹೇಳಬೇಕು?

ಮೊದಲು ನನ್ನದೇ ಕಥೆ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ ಹುಡುಗರಿದ್ದೆವು. ಅವರಲ್ಲಿ ಒಬ್ಬ ಹಾಸನದ ಕಡೆಯವನು. ನಮ್ಮೆಲ್ಲರಿಗಿಂತ ಜಾಣ, ಮಾತುಗಾರ. ಎರಡನೇ ಸೆಮಿಸ್ಟರಿನಲ್ಲಿ ಅವನ ಪ್ರೊಫೆಸರಿಗೆ ಬರುತ್ತಿದ್ದ ಹಣ ನಿಂತಿತು, ಇವನ ಸ್ಟೈಪೆಂಡೂ ನಿಂತಿತು. ಆಮೇಲೆ ಹುಡುಗ ನಿಧಾನವಾಗಿ ಬದಲಾದ. ಅಡುಗೆಯ ಸರದಿ ತಪ್ಪಿಸಿದ. ಭಾನುವಾರ ಕಾಲಿಂಗ್ ಕಾರ್ಡ್ ಹಾಕಿ ಊರಿಗೆ ಫೋನ್ ಮಾಡುವುದನ್ನು ಬಿಟ್ಟ. ಕೇಳಿದರೆ "ಏನಿಲ್ಲ ಮಗಾ, ಸ್ವಲ್ಪ ಟೆನ್ಷನ್" ಅನ್ನುತ್ತಿದ್ದ. ಒಂದು ಸಂಜೆ ತನ್ನ ಪ್ರೆಷರ್ ಕುಕ್ಕರನ್ನೂ ಊರಿಂದ ಹೊತ್ತು ತಂದಿದ್ದ ಕನ್ನಡ ಪುಸ್ತಕಗಳನ್ನೂ ನನಗೆ ಕೊಟ್ಟು, "ಇಟ್ಕೋ, ನನಗಿನ್ನು ಬೇಕಾಗಲ್ಲ" ಅಂದ. ಕುಕ್ಕರ್ ಸಿಕ್ಕಿತಲ್ಲ ಎಂದು ನನಗೆ ಖುಷಿಯಾಯಿತು. ಈ ಮಾತನ್ನು ಇವತ್ತಿಗೂ ನಾಚಿಕೆಯಿಂದ ಹೇಳುತ್ತೇನೆ.

ಮುಂದಿನ ವಾರ ಮನೆ ಮುಂದೆ ಆಂಬ್ಯುಲೆನ್ಸ್ ನಿಂತಿತ್ತು. ಹೀಟರ್ ರಿಪೇರಿಗೆ ಬಂದವರೊಬ್ಬರು ಸಕಾಲಕ್ಕೆ ನೋಡಿದ್ದರಿಂದ ಅವನು ಬದುಕಿದ. ಊರಿಗೆ ಹೋದ, ಚೇತರಿಸಿಕೊಂಡ, ಈಗ ಮಕ್ಕಳೊಂದಿಗೆ ಚೆನ್ನಾಗಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಆ ರಾತ್ರಿ ಆಸ್ಪತ್ರೆಯಲ್ಲಿ ನಾವು ಮೂವರು ಕೂತು ಮಾತಾಡಿಕೊಂಡಾಗ ತಿಳಿಯಿತು. ಮೂರು ವಾರದಿಂದ ಅವನು ಕ್ಲಾಸಿಗೆ ಹೋಗಿಲ್ಲ ಎಂಬುದು ಒಬ್ಬನಿಗೆ ಗೊತ್ತಿತ್ತು. ರಾತ್ರಿ ಬಾತ್‌ರೂಮಿನಲ್ಲಿ ಅಳುವುದನ್ನು ಇನ್ನೊಬ್ಬ ಕೇಳಿಸಿಕೊಂಡಿದ್ದ. ಕುಕ್ಕರ್ ನನ್ನ ಹತ್ತಿರ ಇತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತುಂಡು. ಜೋಡಿಸಿ ನೋಡಿದವರು ಯಾರೂ ಇಲ್ಲ. ವರ್ಷಗಳ ನಂತರ ಬೆಂಗಳೂರಿನಲ್ಲಿ ಸಿಕ್ಕಾಗ ಅವನೇ ಹೇಳಿದ: "ನೀವೆಲ್ಲ ನೋಡಿದ್ರಿ ಕಣೋ. ಯಾರಾದ್ರೂ ಒಬ್ಬ ನೇರವಾಗಿ ಕೇಳಿದ್ದಿದ್ರೆ ಹೇಳಿಬಿಡ್ತಿದ್ದೆ."

ಸ್ನೇಹಿತರೇ, ಇದು ನಾಲ್ಕು ಹುಡುಗರ ಅಜ್ಞಾನ ಮಾತ್ರ ಅಲ್ಲ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೂ ಇದೇ ತಪ್ಪು ಮಾಡಿವೆ. ಎರಡು ಘಟನೆ ಹೇಳುತ್ತೇನೆ.

ಮೊದಲನೆಯದು 1969ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ. ನಮ್ಮ ದೇಶದಿಂದಲೇ ಹೋಗಿದ್ದ ಪ್ರೊಸೆನ್‌ಜಿತ್ ಪೊದ್ದಾರ್ ಎಂಬ ವಿದ್ಯಾರ್ಥಿ, ತಾತಿಯಾನಾ ತಾರಾಸೋಫ್ ಎಂಬ ಹುಡುಗಿ ತನ್ನನ್ನು ಪ್ರೀತಿಸುತ್ತಾಳೆಂದು ಭಾವಿಸಿದ. ಆಕೆ ಇಲ್ಲವೆಂದಾಗ ಕುಸಿದುಹೋದ. ಗೆಳೆಯನೊಬ್ಬನ ಒತ್ತಾಯದ ಮೇಲೆ ವಿಶ್ವವಿದ್ಯಾಲಯದ ಆಸ್ಪತ್ರೆಯ ಮನಶ್ಶಾಸ್ತ್ರಜ್ಞರ ಬಳಿ ಹೋದ, ಆಕೆಯನ್ನು ಕೊಲ್ಲುವ ಯೋಚನೆ ಇದೆ ಎಂದೂ ಹೇಳಿದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹಿಡಿದು ವಿಚಾರಿಸಿ, ಹುಡುಗ ಸರಿಯಾಗೇ ಮಾತಾಡುತ್ತಾನಲ್ಲ ಎಂದು ಬಿಟ್ಟರು. ಬೇಸಿಗೆಗೆಂದು ಬ್ರೆಜಿಲ್‌ಗೆ ಹೋಗಿದ್ದ ತಾತಿಯಾನಾಗಾಗಲಿ ಆಕೆಯ ಮನೆಯವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರ್ 27ರಂದು ಅವನು ಆಕೆಯನ್ನು ಕೊಂದ. ತಂದೆತಾಯಿ ಹೂಡಿದ ಮೊಕದ್ದಮೆಯಲ್ಲಿ 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ಕೊಟ್ಟಿತು. ರೋಗಿಯ ಗುಟ್ಟು ಕಾಯುವುದು ಸರಿ, ಆದರೆ ಇನ್ನೊಬ್ಬರ ಪ್ರಾಣಕ್ಕೆ ಗಂಭೀರ ಅಪಾಯವಿದ್ದಾಗ ಅವರನ್ನು ರಕ್ಷಿಸಲು ತಕ್ಕ ಕ್ರಮ ಕೈಗೊಳ್ಳುವುದೂ ಚಿಕಿತ್ಸಕರ ಕರ್ತವ್ಯ ಎಂಬುದು ಅದರ ಸಾರ. ಅಮೆರಿಕದ ಹಲವು ರಾಜ್ಯಗಳ ಕಾನೂನು ಮುಂದೆ ಇದೇ ದಾರಿ ಹಿಡಿಯಿತು.

ಎರಡನೆಯದು ನಿಮ್ಮಲ್ಲಿ ಕೆಲವರು ಕೇಳಿರಬಹುದು. 2007ರ ಏಪ್ರಿಲ್ 16, ವರ್ಜೀನಿಯಾ ಟೆಕ್. ಒಬ್ಬ ವಿದ್ಯಾರ್ಥಿ 32 ಜನರನ್ನು ಗುಂಡಿಕ್ಕಿ ಕೊಂದು ತಾನೂ ಸತ್ತ. ತೀರಿಕೊಂಡವರಲ್ಲಿ ತಮಿಳುನಾಡು ಮೂಲದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಇದ್ದರು, ಮುಂಬಯಿಯಿಂದ ಓದಲು ಬಂದಿದ್ದ ಹುಡುಗಿಯೊಬ್ಬಳಿದ್ದಳು. ರಾಜ್ಯಪಾಲರು ನೇಮಿಸಿದ ಸಮಿತಿ ಅದೇ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಅದನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಒಂದೂವರೆ ವರ್ಷ ಮುಂಚಿನಿಂದಲೇ ಒಬ್ಬರಲ್ಲ ಒಬ್ಬರು ಗಮನಿಸಿದ್ದರು. ಪಾಠ ಮಾಡುತ್ತಿದ್ದ ಕವಯಿತ್ರಿ ನಿಕ್ಕಿ ಜಿಯೋವಾನಿ ಅವನನ್ನು ತನ್ನ ತರಗತಿಯಲ್ಲಿ ಇಟ್ಟುಕೊಳ್ಳಲಾರೆ ಎಂದರು. ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ ಲೂಸಿಂಡಾ ರಾಯ್ ಅವನಿಗೆ ಪ್ರತ್ಯೇಕವಾಗಿ ಪಾಠ ಹೇಳಿದರು, ಹಲವು ಕಚೇರಿಗಳಿಗೆ ತಿಳಿಸಿದರು. ಬೇಡದ ಸಂದೇಶ ಬರುತ್ತಿದೆ ಎಂದು ವಿದ್ಯಾರ್ಥಿನಿಯರು ಪೊಲೀಸರಿಗೆ ದೂರು ಕೊಟ್ಟರು. 2005ರ ಡಿಸೆಂಬರಿನಲ್ಲಿ, ಸಾಯುವ ಮಾತಾಡುತ್ತಿದ್ದಾನೆ ಎಂದು ಅವನ ಜೊತೆ ವಾಸಿಸುತ್ತಿದ್ದವನೇ ತಿಳಿಸಿದ. ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟು, ಹೊರರೋಗಿಯಾಗಿ ಚಿಕಿತ್ಸೆ ಪಡೆಯಬೇಕೆಂದು ಆದೇಶಿಸಿದರು. ಆ ಚಿಕಿತ್ಸೆ ನಡೆಯಿತೋ ಇಲ್ಲವೋ ಎಂದು ವಿಚಾರಿಸಿದವರಿಲ್ಲ. ಅವನ ತಂದೆತಾಯಿಗೂ ಹೇಳಲಿಲ್ಲ. ಖಾಸಗಿತನದ ಕಾನೂನು ಬಿಡುವುದಿಲ್ಲ ಎಂದುಕೊಂಡು ಒಂದು ಕಚೇರಿ ಇನ್ನೊಂದು ಕಚೇರಿಗೆ ಬಾಯಿ ಬಿಡಲಿಲ್ಲ. ಕಾನೂನು ವಾಸ್ತವವಾಗಿ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಅಲ್ಲೂ ಅಷ್ಟೇ. ಎಲ್ಲರ ಕೈಯಲ್ಲೂ ಒಂದೊಂದು ತುಂಡು.

ಆ ದುರಂತದ ನಂತರ ಬಹಳ ಬದಲಾಗಿದೆ. 2008ರಲ್ಲಿ ವರ್ಜೀನಿಯಾ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಥ ಸೂಚನೆಗಳನ್ನು ಒಟ್ಟಿಗೆ ಕೂತು ನೋಡುವ ತಂಡ ಇರಲೇಬೇಕೆಂದು ಕಾನೂನು ಮಾಡಿತು. ಇವತ್ತು ಹೆಚ್ಚಿನ ಕ್ಯಾಂಪಸ್‌ಗಳಲ್ಲಿ ಅಂಥ ತಂಡವಿದೆ. ಕೆಲವು ಕಡೆ ಕೇರ್ ಟೀಮ್ ಅನ್ನುತ್ತಾರೆ, ಕೆಲವು ಕಡೆ ಬಿಹೇವಿಯರಲ್ ಇಂಟರ್ವೆನ್ಷನ್ ಟೀಮ್. ಡೀನ್ ಆಫ್ ಸ್ಟೂಡೆಂಟ್ಸ್ ಕಚೇರಿಯವರು, ಕೌನ್ಸೆಲಿಂಗ್ ಕೇಂದ್ರದವರು, ಹಾಸ್ಟೆಲ್ ನೋಡಿಕೊಳ್ಳುವವರು, ಪೊಲೀಸರು ಅದರಲ್ಲಿರುತ್ತಾರೆ. ತುಂಡುಗಳನ್ನು ಜೋಡಿಸುವುದೇ ಅವರ ಕೆಲಸ. ಆದರೆ ತುಂಡು ತಂದುಕೊಡುವವರು ಬೇಕಲ್ಲ? ಅಮೆರಿಕದ ಸೀಕ್ರೆಟ್ ಸರ್ವೀಸ್, ಎಫ್‌ಬಿಐ ಮತ್ತು ಶಿಕ್ಷಣ ಇಲಾಖೆ ಸೇರಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. 1900ರಿಂದ 2008ರವರೆಗಿನ 272 ಕ್ಯಾಂಪಸ್ ದಾಳಿಗಳಲ್ಲಿ ಶೇಕಡಾ 31ರಷ್ಟರಲ್ಲಿ, ದಾಳಿಗೆ ಮುಂಚೆಯೇ ಆತಂಕಕಾರಿ ನಡವಳಿಕೆಯನ್ನು ಗೆಳೆಯರೋ, ಮನೆಯವರೋ, ಅಧ್ಯಾಪಕರೋ, ಪೊಲೀಸರೋ ಕಂಡಿದ್ದರು.

ಒಂದು ಮಾತು ಸ್ಪಷ್ಟವಾಗಿರಲಿ. ಮನಸ್ಸು ಕುಗ್ಗಿದವರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ. ಅಪಾಯವಿದ್ದರೆ ಅದು ಹೆಚ್ಚಾಗಿ ಅವರಿಗೇ. ಆದ್ದರಿಂದ ಹೇಳುವುದೆಂದರೆ ಹಿಡಿದುಕೊಡುವುದು ಎಂದುಕೊಳ್ಳಬೇಡಿ. ಸಹಾಯ ಕರೆಯುವುದು ಎಂದುಕೊಳ್ಳಿ.

ಹಾಗಾದರೆ ಏನನ್ನು ಗಮನಿಸಬೇಕು? ನನ್ನ ಲೆಕ್ಕದಲ್ಲಿ ಮುಖ್ಯ ಪದ "ಬದಲಾವಣೆ". ಮೊದಲಿಂದಲೂ ಮೌನಿಯಾಗಿದ್ದವನು ಮೌನವಾಗಿದ್ದರೆ ಅದು ಅವನ ಸ್ವಭಾವ. ಮಾತುಗಾರ ಮೌನವಾದರೆ ಕೇಳಬೇಕು. ಕ್ಲಾಸು ಬಿಡುವುದು, ಸ್ನಾನ ಊಟ ನಿದ್ದೆ ಕೆಡುವುದು, ಕುಡಿತ ಹೆಚ್ಚುವುದು, ಇಷ್ಟದ ವಸ್ತುಗಳನ್ನು ಹಂಚುವುದು, "ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ" ಎಂಬಂಥ ಮಾತು ಇವೆಲ್ಲ ಒಂದು ಬಗೆ. ಒಬ್ಬ ವ್ಯಕ್ತಿಯ ಮೇಲೆ ದ್ವೇಷವನ್ನು ದಿನದಿನವೂ ಮೆಲುಕು ಹಾಕುವುದು, ಬೇಡವೆಂದ ಹುಡುಗಿಯನ್ನು ಹಿಂಬಾಲಿಸುವುದು, ಬೆದರಿಕೆ ಹಾಕುವುದು, ಆಯುಧದ ಬಗ್ಗೆ ಹೊಸದಾಗಿ ಹುಚ್ಚು ಹಿಡಿಯುವುದು ಇನ್ನೊಂದು ಬಗೆ. ನಮ್ಮ ಸಿನಿಮಾಗಳು ಹಿಂಬಾಲಿಸುವುದನ್ನು ಪ್ರೇಮ ಎಂದು ಕಲಿಸಿವೆ. ಇಲ್ಲಿ ಅದು ಅಪರಾಧ. ಊರಿನಲ್ಲೂ ಅಪರಾಧವೇ; 2013ರಿಂದ ನಮ್ಮ ದೇಶದ ಕಾನೂನಿನಲ್ಲೂ ಅದಕ್ಕೆ ಶಿಕ್ಷೆ ಇದೆ.

ಯಾವುದನ್ನು ಗಮನಿಸಬಾರದು ಎಂಬುದೂ ಅಷ್ಟೇ ಮುಖ್ಯ. ಗಡ್ಡ, ಬಟ್ಟೆ, ದೇವರು, ಮೈಬಣ್ಣ, ಇಂಗ್ಲಿಷಿನ ಉಚ್ಚಾರ ಇವು ಯಾವುವೂ ನಡವಳಿಕೆಯಲ್ಲ. ಕಂದು ಮೈಬಣ್ಣದ ನಮ್ಮನ್ನೇ ಅನುಮಾನದಿಂದ ನೋಡಿದ ಅನುಭವ ಇಲ್ಲಿರುವ ಹಿರಿಯರಿಗೆಲ್ಲ ಇದೆ. ನಮಗೆ ಆದದ್ದನ್ನು ನಾವು ಬೇರೆಯವರಿಗೆ ಮಾಡಬಾರದು. ಅವನು ಏನು ಎಂಬುದನ್ನು ಬಿಡಿ, ಅವನು ಏನು ಮಾಡಿದ, ಏನು ಹೇಳಿದ ಅದನ್ನು ಹೇಳಿ.

ಈಗ ಯಾರಿಗೆ ಹೇಳುವುದು? ಪ್ರಾಣಾಪಾಯ ಈಗಲೇ ಇದೆ ಅನ್ನಿಸಿದರೆ 911. ಆತ್ಮಹತ್ಯೆಯ ಯೋಚನೆ ಅಥವಾ ತೀವ್ರ ಸಂಕಟವಾದರೆ 988. 2022ರ ಜುಲೈನಿಂದ ಈ ಮೂರಂಕಿಯ ಸಂಖ್ಯೆ ದೇಶದಾದ್ಯಂತ ಇದೆ, ಗೆಳೆಯನ ಪರವಾಗಿ ನೀವೂ ಕರೆ ಮಾಡಬಹುದು. ತುರ್ತು ಇಲ್ಲ, ಆದರೆ ಚಿಂತೆ ಇದೆ ಎಂದಾದರೆ ಡೀನ್ ಆಫ್ ಸ್ಟೂಡೆಂಟ್ಸ್ ಕಚೇರಿ ಅಥವಾ ಕೇರ್ ಟೀಮ್. ಇವತ್ತು ಊಟಕ್ಕೆ ಮುಂಚೆ ನಿಮ್ಮ ವಿಶ್ವವಿದ್ಯಾಲಯದ ಆ ಸಂಖ್ಯೆಯನ್ನು ಹುಡುಕಿ ಫೋನಿನಲ್ಲಿ ಹಾಕಿಕೊಳ್ಳಿ.

ಹೇಳುವಾಗ ವೈದ್ಯರಾಗಬೇಡಿ. "ಅವನಿಗೆ ಹುಚ್ಚು", "ಅವನು ಡಿಪ್ರೆಷನ್ ಕೇಸು" ಎನ್ನಬೇಡಿ. "ಮೂರು ವಾರದಿಂದ ಕ್ಲಾಸಿಗೆ ಹೋಗಿಲ್ಲ, ನಿನ್ನೆ ಸಂಜೆ ಪುಸ್ತಕಗಳನ್ನೆಲ್ಲ ಕೊಟ್ಟುಬಿಟ್ಟ, ಇನ್ನು ಬೇಕಾಗಲ್ಲ ಅಂದ" ಎಂದು ಕಂಡದ್ದನ್ನು ಕಂಡ ಹಾಗೆ, ದಿನಾಂಕ ಸಮೇತ ಹೇಳಿ. ತೀರ್ಮಾನ ನಿಮ್ಮದಲ್ಲ. ಒಮ್ಮೆ ಹೇಳಿ ಏನೂ ಆಗದಿದ್ದರೆ ಮತ್ತೆ ಹೇಳಿ, ಇನ್ನೊಂದು ಕಚೇರಿಗೂ ಹೇಳಿ. ವರ್ಜೀನಿಯಾ ಟೆಕ್‌ನಲ್ಲಿ ಹೇಳಿದವರಿದ್ದರು, ಕೊನೆತನಕ ಹಿಂಬಾಲಿಸಿದವರಿರಲಿಲ್ಲ.

ಇನ್ನು ನಿಮ್ಮ ಅಂಜಿಕೆಗಳು. "ಚಾಡಿ ಹೇಳಿದ ಹಾಗಾಗುತ್ತದೆ." ಚಾಡಿಯ ಉದ್ದೇಶ ಕೆಡಿಸುವುದು, ಇದರ ಉದ್ದೇಶ ಉಳಿಸುವುದು. "ಆತ್ಮಹತ್ಯೆ ಬಗ್ಗೆ ಕೇಳಿದರೆ ನಾವೇ ಐಡಿಯಾ ಕೊಟ್ಟ ಹಾಗೆ." ಇಲ್ಲ. ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ತಜ್ಞರು ಮತ್ತೆ ಮತ್ತೆ ಹೇಳಿದ್ದಾರೆ. ನನ್ನ ಗೆಳೆಯ ಹೇಳಿದ್ದೂ ಅದನ್ನೇ.

"ವೀಸಾ ಹೋದರೆ?" ಇದು ಎಲ್ಲಕ್ಕಿಂತ ದೊಡ್ಡ ಭಯ. ಕೌನ್ಸೆಲಿಂಗಿಗೆ ಹೋದದ್ದನ್ನು ವಲಸೆ ಇಲಾಖೆಗೆ ವರದಿ ಮಾಡುವ ವ್ಯವಸ್ಥೆ ಇಲ್ಲ. ವೀಸಾಕ್ಕೆ ಕುತ್ತು ಬರುವುದು ಯಾರಿಗೂ ಹೇಳದೆ ಕ್ಲಾಸು ಬಿಟ್ಟಾಗ. ಎಫ್-1 ವಿದ್ಯಾರ್ಥಿಗೆ ವೈದ್ಯಕೀಯ ಕಾರಣಕ್ಕಾಗಿ, ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಪತ್ರದೊಂದಿಗೆ, ಕಡಿಮೆ ಕೋರ್ಸ್ ತೆಗೆದುಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಒಂದು ಪದವಿಗೆ ಒಟ್ಟು 12 ತಿಂಗಳವರೆಗೆ. ಆದರೆ ಕೋರ್ಸ್ ಬಿಡುವ ಮುಂಚೆಯೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಪಡೆಯಬೇಕು. ಈ ಒಂದು ವಾಕ್ಯ ಗೊತ್ತಿದ್ದರೆ ಹಾಸನದ ಹುಡುಗ ಮೂರು ವಾರ ಕತ್ತಲಲ್ಲಿ ಕೂರುತ್ತಿರಲಿಲ್ಲವೇನೋ.

ನಿಮ್ಮಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗುವವರಿಗೆ ಒಂದು ಕಿವಿಮಾತು. ಲೈಂಗಿಕ ಕಿರುಕುಳದ ವಿಷಯ ವಿದ್ಯಾರ್ಥಿಯೊಬ್ಬರು ನಿಮ್ಮ ಹತ್ತಿರ ಹೇಳಿಕೊಂಡರೆ, ಅದನ್ನು ಮೇಲಿನವರಿಗೆ ತಿಳಿಸುವ ಕರ್ತವ್ಯ ಬಹಳ ಕಡೆ ನಿಮಗಿರುತ್ತದೆ. ಆದ್ದರಿಂದ "ಯಾರಿಗೂ ಹೇಳಲ್ಲ" ಎಂದು ಮೊದಲೇ ಮಾತು ಕೊಡಬೇಡಿ. ಗುಟ್ಟಾಗಿ ಮಾತಾಡಬೇಕಿದ್ದರೆ ಕೌನ್ಸೆಲರ್ ಇದ್ದಾರೆ ಎಂದು ತಿಳಿಸಿ.

ಕೊನೆಯದಾಗಿ, ಇದನ್ನು ಕನ್ನಡ ಕೂಟದ ಸಭೆಯಲ್ಲಿ ಯಾಕೆ ಹೇಳುತ್ತಿದ್ದೇನೆ? ಪ್ರೊಫೆಸರ್ ಹತ್ತಿರ ನಾವು "ಐ ಆಮ್ ಫೈನ್" ಅನ್ನುತ್ತೇವೆ. ಕೌನ್ಸೆಲರ್ ಹತ್ತಿರವೂ ಮೊದಲ ದಿನ ಅದನ್ನೇ ಅನ್ನುತ್ತೇವೆ. "ಯಾಕೋ ಜೀವ ಸಾಕಾಗಿದೆ ಕಣೋ" ಎನ್ನುವ ಮಾತು ಬರುವುದು ಕನ್ನಡದಲ್ಲೇ, ರಾತ್ರಿ ಅನ್ನ ಸಾರಿನ ತಟ್ಟೆಯ ಮುಂದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ನಿಮ್ಮದೊಂದೇ ಆಗಿರಬಹುದು. ಪಕ್ಕದ ಲ್ಯಾಬಿನ ಅಮೆರಿಕನ್ನನಿಗೆ ಅದು ಕೇಳಿಸಿದರೂ ಅರ್ಥವಾಗುವುದಿಲ್ಲ. ಆಗ "ನಮಗ್ಯಾಕೆ ಊರ ಉಸಾಬರಿ" ಎಂದು ಮಲಗಬೇಡಿ. ಹೊರದೇಶದಲ್ಲಿ ನಮಗೆ ನಾವೇ ಊರು.

ಆ ಕುಕ್ಕರ್ ಈಗಲೂ ನಮ್ಮ ಮನೆಯಲ್ಲಿದೆ. ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ. "ಇಟ್ಕೋ, ನೆನಪಿರಲಿ" ಅಂದ.

ಬನ್ನಿ, ಊಟ ಮಾಡೋಣ. ಒಬ್ಬರೇ ಕೂತಿರುವವರ ಪಕ್ಕ ಹೋಗಿ ಕೂತುಕೊಳ್ಳಿ.

(ಓದುಗರಲ್ಲಿ ಮನವಿ: ಈ ವರ್ಷ ಹೊಸದಾಗಿ ಓದಲು ಬಂದಿರುವ ನಿಮ್ಮ ಪರಿಚಯದ ಕನ್ನಡಿಗರಿಗೆ ಈ ಮಿಂಚೆಯನ್ನು ದಯವಿಟ್ಟು ಕಳುಹಿಸಿ. ಬೇರೆ ದೇಶಗಳಲ್ಲಿರುವವರು ನಿಮ್ಮಲ್ಲಿನ ಸಹಾಯವಾಣಿ ಸಂಖ್ಯೆಗಳನ್ನು ಸೇರಿಸಿ ಕಳುಹಿಸಿದರೆ ಇನ್ನೂ ಒಳ್ಳೆಯದು.)